"ಅಮ್ಮಂಗೆ ಹೇಳ್ಬೇಡಿ ಮಿಸ್" ಅಂದರೆ ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ಪೀಣ್ಯ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ದಸರಾ ರಜೆ ಮುಗಿದ ಮೇಲೆ ಪೂರಾ ಬದಲಾಗಿದ್ದಾಳೆ. ಮುಂದಿನ ಬೆಂಚಿನಿಂದ ಕೊನೆಯ ಬೆಂಚಿಗೆ ಹೋಗಿದ್ದಾಳೆ. ಬಿಸಿಯೂಟ ಬಿಡುತ್ತಾಳೆ. ಎರಡು ದಿನಕ್ಕೊಮ್ಮೆ ಹೊಟ್ಟೆನೋವು ಅನ್ನುತ್ತಾಳೆ. ಬುಧವಾರ, ಶನಿವಾರ ಪಿ.ಟಿ. ಪೀರಿಯಡ್‌ನಲ್ಲಿ ಥ್ರೋಬಾಲ್ ಆಡುವಾಗ ಮಾತ್ರ ಮೊದಲಿನ ಹುಡುಗಿ. ಮೊನ್ನೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ರಾತ್ರಿ ನಿದ್ದೆ ಬರಲ್ಲ ಮಿಸ್, ಬದುಕೋದೇ ಬೇಡ ಅನ್ಸುತ್ತೆ, ಅಮ್ಮಂಗೆ ಹೇಳ್ಬೇಡಿ" ಅಂದಳು. ನನಗೆ ಕೈಕಾಲೇ ಆಡಲಿಲ್ಲ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಅಪ್ಪ ಊರಲ್ಲಿದ್ದಾರೆ. ಬಿ.ಎಡ್.ನಲ್ಲಿ ಸೈಕಾಲಜಿ ಓದಿದ್ದೇನೆ, ಆದರೆ ಇಂಥದ್ದಕ್ಕೆ ನಮ್ಮನ್ನು ಯಾರೂ ತಯಾರು ಮಾಡಿಲ್ಲ. ಇಂಥ ಹುಡುಗಿಯರಿಗೆ ಸರ್ಕಾರದಿಂದ ಏನಿದೆ? ನಮ್ಮಂಥ ಟೀಚರ್‌ಗಳಿಗೆ ತರಬೇತಿ ಏನಾದರೂ ಇದೆಯಾ?

ಉತ್ತರ: ಮೇಡಂ, ಯೋಜನೆಗಳ ವಿಷಯ ಆಮೇಲೆ. ಮೊದಲು ನಾಳೆ ಬೆಳಗ್ಗೆ ಏನು ಮಾಡಬೇಕು ಅನ್ನೋದು ನೋಡೋಣ.

ಆ ಹುಡುಗಿ ಬಾಗಿಲಲ್ಲಿ ನಿಂತು ಅರ್ಧ ಮಾತು ಹೇಳಿ ಹೋಗಿದ್ದಾಳೆ. ಮಕ್ಕಳು ಹೇಳುವುದೇ ಹಾಗೆ. ಟೀಚರ್ ಮುಖ ಹೇಗಾಗುತ್ತೆ ಅಂತ ನೋಡಿ, ಉಳಿದ ಅರ್ಧ ಹೇಳಬೇಕಾ ಬೇಡವಾ ಅಂತ ಲೆಕ್ಕ ಹಾಕುತ್ತಾರೆ. ನಾಳೆ ನೀವಾಗಿಯೇ ಅವಳನ್ನು ಕರೆಯಿರಿ. ಸ್ಟಾಫ್ ರೂಮ್ ಬೇಡ, ಅಲ್ಲಿ ಹತ್ತು ಕಿವಿ ಇರುತ್ತವೆ. ಲೈಬ್ರರಿ ಮೂಲೆ, ಇಲ್ಲ ಖಾಲಿ ಕ್ಲಾಸ್ ರೂಮ್ ಆದರೆ ಸಾಕು. ಬಾಗಿಲು ತೆರೆದಿರಲಿ. "ಮೊನ್ನೆ ನೀನು ಹೇಳಿದ್ದು ನನ್ನ ತಲೆಯಲ್ಲೇ ಇದೆ, ಇನ್ನಷ್ಟು ಹೇಳ್ತೀಯಾ?" ಅಂತ ಕೇಳಿ ಸುಮ್ನೆ ಕೂತುಬಿಡಿ. ಆ ಸುಮ್ಮನಿರುವುದು ಟೀಚರ್‌ಗಳಿಗೆ ಬಹಳ ಕಷ್ಟ, ನನಗೆ ಗೊತ್ತು.

ಆಮೇಲೆ ನೇರವಾಗಿ ಕೇಳಿ: "ಸಾಯಬೇಕು ಅಂತ ಯೋಚನೆ ಬರುತ್ತಾ? ಹೇಗೆ ಅಂತ ಏನಾದರೂ ಯೋಚನೆ ಮಾಡಿದ್ದೀಯಾ? ಈ ಹಿಂದೆ ಏನಾದರೂ ಮಾಡಿಕೊಂಡಿದ್ದೀಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನುವ ಭಯ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ. ಕೇಳಿದಾಗ ಹೆಚ್ಚಿನ ಮಕ್ಕಳು ಉಸಿರು ಬಿಡುತ್ತಾರೆ, ಕೊನೆಗೂ ಒಬ್ಬರು ಕೇಳಿದರಲ್ಲ ಅಂತ. ಹೇಗೆ, ಯಾವಾಗ ಅಂತ ಅವಳು ಯೋಚನೆ ಮಾಡಿದ್ದರೆ ಅವತ್ತು ಅವಳನ್ನು ಒಬ್ಬಳನ್ನೇ ಬಿಡಬಾರದು, ಒಬ್ಬಳನ್ನೇ ಮನೆಗೂ ಕಳಿಸಬಾರದು. ಮುಖ್ಯ ಶಿಕ್ಷಕರಿಗೆ (ಎಚ್‌ಎಂ) ಹೇಳಿ, ಅಮ್ಮನನ್ನು ಕರೆಸಿ, ಅದೇ ದಿನ ಆಸ್ಪತ್ರೆ. ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಗಾಡಿ ಬೇಕಾದರೆ 108 ಅಥವಾ 112.

"ಅಮ್ಮಂಗೆ ಹೇಳ್ಬೇಡಿ" ಅನ್ನುವ ಮಾತು ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸುತ್ತೆ. ಇಲ್ಲಿ ನಾನೇ ಎಡವಿದ್ದೇನೆ. ಇಪ್ಪತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಶಾಲೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೀಗೇ ಅಂದಳು. "ಯಾರಿಗೂ ಹೇಳಲ್ಲ ಪುಟ್ಟಾ" ಅಂತ ಮಾತು ಕೊಟ್ಟೆ. ಸಂಜೆ ಮನೆಗೆ ಹೋಗಿ ಹೆದರಿಕೆಯಾಯಿತು. ಮಾರನೆಯ ದಿನ ಅವಳಿಗೆ ಹೇಳದೆ ಅವಳ ತಾಯಿಯನ್ನು ಕರೆಸಿದೆ. ತಾಯಿ ಕಾರಿಡಾರ್‌ನಲ್ಲೇ ಜೋರಾಗಿ ಅತ್ತರು, ಇಡೀ ಶಾಲೆಗೆ ಗೊತ್ತಾಯಿತು. ಹುಡುಗಿ ಮತ್ತೆಂದೂ ನನ್ನ ಜೊತೆ ಮಾತಾಡಲಿಲ್ಲ. ಅವಳು ಚೆನ್ನಾಗಿದ್ದಾಳೆ ಅಂತ ಎಷ್ಟೋ ವರ್ಷದ ಮೇಲೆ ಬೇರೆಯವರಿಂದ ತಿಳಿಯಿತು. ಅದು ಅವಳ ಗಟ್ಟಿತನ. ನನ್ನದೇನೂ ಇಲ್ಲ.

ಅಲ್ಲಿ ಎರಡು ತಪ್ಪಾಯಿತು: ಉಳಿಸಿಕೊಳ್ಳಲಾಗದ ಮಾತು ಕೊಟ್ಟೆ, ಆಮೇಲೆ ಅವಳ ಬೆನ್ನ ಹಿಂದೆ ಅದನ್ನು ಮುರಿದೆ. ಈಗ ನಾನು ಹೇಳುವುದು ಹೀಗೆ: "ನಿನ್ನ ಮಾತು ಕ್ಲಾಸಿಗೆ, ಸ್ಟಾಫ್ ರೂಮಿಗೆ ಹೋಗಲ್ಲ. ಆದರೆ ನಿನ್ನ ಜೀವದ ವಿಷಯ ಬಂದರೆ ಸಹಾಯ ಮಾಡೋ ಒಬ್ಬಿಬ್ಬರಿಗೆ ನಾನು ಹೇಳಲೇಬೇಕು. ಅಮ್ಮಂಗೆ ಯಾರು ಹೇಳೋದು, ಹೇಗೆ ಹೇಳೋದು ಅಂತ ಇಬ್ಬರೂ ಸೇರಿ ಯೋಚನೆ ಮಾಡೋಣ." ಎಷ್ಟೋ ಹುಡುಗಿಯರು ಆಗ "ನೀವೇ ಹೇಳಿ ಮಿಸ್, ನಾನು ಪಕ್ಕದಲ್ಲಿ ಇರ್ತೀನಿ" ಅನ್ನುತ್ತಾರೆ.

ಅಮ್ಮನಿಗೆ ಯಾಕೆ ಹೇಳಬಾರದು ಅನ್ನುವುದನ್ನೂ ಮೆಲ್ಲಗೆ ಕೇಳಿ. ಅಮ್ಮನಿಗೆ ಆಗಲೇ ಸಾಕಷ್ಟು ಕಷ್ಟ ಇದೆ ಅನ್ನುವುದಷ್ಟೇ ಕಾರಣ ಇರಬಹುದು. ರಜೆಗೆ ಊರಿಗೆ ಹೋದಾಗ ಮದುವೆ ಮಾತು ಬಂದಿರಬಹುದು. ರಜೆ ಮುಗಿದ ಮೇಲೆ ಬದಲಾದಳು ಅಂತ ಬರೆದಿದ್ದೀರಲ್ಲ, ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಯಾರಾದರೂ ಕೆಟ್ಟದಾಗಿ ನಡೆದುಕೊಂಡಿದ್ದಾರೆ ಅಂತ ಗೊತ್ತಾದರೆ ಅಲ್ಲಿಂದ ದಾರಿಯೇ ಬೇರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಶಾಲೆಯಲ್ಲಿ ಪಂಚಾಯಿತಿ ಮಾಡಿ ಮುಗಿಸುವ ಹಾಗಿಲ್ಲ, ಯಾರು ಎಷ್ಟೇ ಒತ್ತಡ ಹಾಕಲಿ. ಏನಾಯಿತು ಅಂತ ವಿವರವಾಗಿ ಮತ್ತೆ ಮತ್ತೆ ಕೇಳಬೇಡಿ. ಅವಳು ಹೇಳಿದಷ್ಟನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ. ಮದುವೆ ಮಾತಾದರೂ ಇದೇ ನಂಬರ್.

ಈಗ ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಸರ್ಕಾರದಿಂದ ಏನಿದೆ? ಇದೆ ಮೇಡಂ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇದೆ. ತೊಂದರೆ ಏನೆಂದರೆ ಆಸ್ಪತ್ರೆ ಆರೋಗ್ಯ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು. ಎರಡರ ನಡುವೆ ಇರುವ ಆ ಒಂದು ಕಿಲೋಮೀಟರ್ ದಾರಿ ಯಾರದೂ ಅಲ್ಲ. ಅದನ್ನು ನಡೆಸುವವರು ನಿಮ್ಮಂಥ ಟೀಚರ್‌ಗಳು.

ಮೊದಲು ಸುಲಭವಾದದ್ದು, ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ನಂಬರ್ 14416. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾಯಿತು. ದೇಶಕ್ಕೆಲ್ಲ ಇದನ್ನು ನಡೆಸುವ ಕೇಂದ್ರ ನಮ್ಮ ನಿಮ್ಹಾನ್ಸೇ. ಮೊದಲು ತರಬೇತಾದ ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ನಿಮ್ಮ ಹುಡುಗಿಯ ಮನೆಗೆ ಇದು ಸರಿಹೊಂದುತ್ತೆ. ಗಾರ್ಮೆಂಟ್ಸ್‌ನಲ್ಲಿ ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳದ ಜೊತೆ ಹಾಜರಾತಿ ದುಡ್ಡೂ ಹೋಗುತ್ತೆ. "ನಾಳೆನೇ ಆಸ್ಪತ್ರೆಗೆ ಕರಕೊಂಡು ಹೋಗಿ" ಅಂತ ನಾವು ಸಲೀಸಾಗಿ ಹೇಳುತ್ತೇವೆ. ಆ ತಾಯಿಗೆ ಅದು ಅಕ್ಕಿ ಬೇಳೆಯ ಲೆಕ್ಕ. ತುರ್ತಿಲ್ಲ ಅಂತಾದರೆ, ಒಂದು ಸಂಜೆ ಏಳು ಗಂಟೆಗೆ ತಾಯಿ ಮಗಳು ಇಬ್ಬರೂ ಕೂತು ಫೋನ್ ಮಾಡಬಹುದು. ಮೊದಲ ಸಲ ನೀವೇ ಶಾಲೆಯಲ್ಲಿ ಅವಳ ಜೊತೆ ಕೂತು ಮಾಡಿಸಿದರೆ ಇನ್ನೂ ಒಳ್ಳೆಯದು. ನಂಬರ್ ಬರೆದುಕೊಟ್ಟು "ಮಾಡು" ಅಂದರೆ ಹೆಚ್ಚಿನವರು ಮಾಡುವುದಿಲ್ಲ.

ಎರಡನೆಯದು ಸ್ನೇಹ ಕ್ಲಿನಿಕ್. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಇಟ್ಟಿರುವ ಕ್ಲಿನಿಕ್ ಇದು. ಮುಟ್ಟಿನ ತೊಂದರೆ, ರಕ್ತಹೀನತೆ, ಮನಸ್ಸಿನ ಬೇಸರ, ಯಾವುದಕ್ಕೆ ಬೇಕಾದರೂ ಹೋಗಬಹುದು. ಎಲ್ಲ ಕಡೆ ಒಂದೇ ಥರ ನಡೆಯುತ್ತಿದೆ ಅಂತ ನಾನು ಹೇಳಲಾರೆ. ಯಾವ ದಿನ, ಯಾರು ಸಿಗುತ್ತಾರೆ ಅಂತ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ನೀವೇ ಒಮ್ಮೆ ವಿಚಾರಿಸಿ. ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಗೆ ಇದೆಲ್ಲ ಬಾಯಲ್ಲೇ ಇರುತ್ತೆ.

ಇಲ್ಲೊಂದು ಮಾತು. ಊಟ ಬಿಡುವ, ಸುಸ್ತಾಗುವ, ಹೊಟ್ಟೆನೋವು ಅನ್ನುವ ಹುಡುಗಿಗೆ ರಕ್ತ ಪರೀಕ್ಷೆ ಮಾಡಿಸದೆ "ಡಿಪ್ರೆಶನ್" ಅಂತ ಹಣೆಪಟ್ಟಿ ಹಚ್ಚಬೇಡಿ. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಥೈರಾಯ್ಡ್ ತೊಂದರೆಯೂ ಮನಸ್ಸನ್ನು ಕುಗ್ಗಿಸುತ್ತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ಮಾತ್ರೆಯನ್ನು ಅವಳು ನುಂಗುತ್ತಾಳಾ, ಕಿಟಕಿಯಿಂದ ಆಚೆ ಎಸೆಯುತ್ತಾಳಾ ನೋಡಿ. ಹಾಗಂತ ಮಾತ್ರೆ ಕೊಟ್ಟೆವು, ಮುಗಿಯಿತು ಅಂತಲೂ ಅಲ್ಲ. ಬದುಕೋದು ಬೇಡ ಅಂದ ಹುಡುಗಿಯ ಮಾತನ್ನು ಹಿಮೋಗ್ಲೋಬಿನ್ ಲೆಕ್ಕಕ್ಕೆ ಹಾಕಿ ಮರೆಯಬಾರದು.

ಮೂರನೆಯದು ನಿಮ್ಹಾನ್ಸ್. ಮಕ್ಕಳಿಗೆ, ಹದಿಹರೆಯದವರಿಗೆ ಅಲ್ಲಿ ಬೇರೆಯೇ ವಿಭಾಗ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಖರ್ಚಿನಲ್ಲಿ ರಿಯಾಯಿತಿ ಸಿಗುತ್ತದೆ. ಬಸ್ಸಿಗಂತೂ ಶಕ್ತಿ ಯೋಜನೆ ಇದೆ, ಪೀಣ್ಯದಿಂದ ಮೆಜೆಸ್ಟಿಕ್, ಅಲ್ಲಿಂದ ಹೊಸೂರು ರಸ್ತೆ, ತಾಯಿ ಮಗಳಿಗೆ ಒಂದು ರೂಪಾಯಿ ಆಗುವುದಿಲ್ಲ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲೂ ಮನೋವೈದ್ಯರು ಇದ್ದಾರೆ. ಬೆಂಗಳೂರು ಬಿಟ್ಟು ಹೊರಗಿನ ಟೀಚರ್‌ಗಳು ಇದನ್ನು ಓದುತ್ತಿದ್ದರೆ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ಬಗ್ಗೆ ಕೇಳಿ ನೋಡಿ.

ಆದರೆ ಹೆಸರಿನದೇ ದೊಡ್ಡ ಅಡ್ಡಿ. ಗ್ರೌಂಡಿನಲ್ಲಿ ಹುಡುಗರು ಒಬ್ಬರನ್ನೊಬ್ಬರು "ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ" ಅಂತ ರೇಗಿಸುವುದನ್ನು ನೀವೂ ಕೇಳಿರುತ್ತೀರಿ. ತಾಯಿಗೆ ಆ ಹೆಸರು ಹೇಳಿದ ತಕ್ಷಣ "ನನ್ನ ಮಗಳೇನು ಹುಚ್ಚೀನಾ?" ಅನ್ನುವ ಮಾತು ಬರುತ್ತೆ. ಫಿಟ್ಸ್, ತಲೆನೋವು, ನರದ ತೊಂದರೆ ಇರುವವರೂ ಅಲ್ಲಿಗೇ ಹೋಗುತ್ತಾರೆ ಅಂತ ಹೇಳಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅನ್ನುವುದರಿಂದ ಮಾತು ಶುರು ಮಾಡಿ. ಅದು ತಾಯಿಗೂ ಕಾಣುತ್ತಿರುವ ವಿಷಯ. ಯಾರೋ ಕಣ್ಣು ಹಾಕಿದ್ದಾರೆ, ತಾಯತ ಕಟ್ಟಿಸಿದ್ದೇವೆ ಅಂದರೆ ಜಗಳಕ್ಕೆ ಹೋಗಬೇಡಿ. ತಾಯತ ಕೈಯಲ್ಲಿರಲಿ, ಡಾಕ್ಟರ್ ಹತ್ತಿರವೂ ಹೋಗಿ ಬರೋಣ ಅನ್ನಿ. ದರ್ಗಾಕ್ಕೂ ಹೋಗಿ ಆಸ್ಪತ್ರೆಗೂ ಬಂದು ಹುಷಾರಾದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹುಷಾರಾದ ಮೇಲೆ ಹರಕೆ ತೀರಿಸಲು ಹೋಗುತ್ತಾರೆ, ನಮಗೆ ಬೇಜಾರಿಲ್ಲ.

ಕಾನೂನಿನ ಬಲವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯನ್ನು ಪ್ರತಿಯೊಬ್ಬರ ಹಕ್ಕು ಅಂತ ಹೇಳುತ್ತೆ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅನ್ನುತ್ತೆ. ಜೀವ ತೆಗೆದುಕೊಳ್ಳಲು ಹೋದವರನ್ನು ಅಪರಾಧಿ ಥರ ನೋಡದೆ ತೀವ್ರ ಒತ್ತಡದಲ್ಲಿದ್ದವರು ಅಂತ ನೋಡಬೇಕು ಅನ್ನುತ್ತೆ. "ಪೊಲೀಸ್ ಕೇಸ್ ಆಗುತ್ತೆ" ಅಂತ ಹೆದರಿ ಮನೆಯಲ್ಲೇ ಮುಚ್ಚಿಡುವವರಿಗೆ ಇದನ್ನು ಹೇಳಬೇಕು. 18 ವರ್ಷ ಆಗುವವರೆಗೆ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕು, ಅದಕ್ಕೇ ಅಮ್ಮನನ್ನು ಬಿಟ್ಟು ನೀವು ಬಹಳ ದೂರ ಹೋಗಲಾಗದು. ಅದು ದಾಟಿದ ಹುಡುಗಿ ತಾನೇ ಹೋಗಬಹುದು. ನಿಮ್ಮ ಹಳೆಯ ವಿದ್ಯಾರ್ಥಿನಿಯರು ಪಿಯುಸಿ, ಡಿಗ್ರಿಯಲ್ಲಿ ಇದ್ದು ಒದ್ದಾಡುತ್ತಿದ್ದರೆ ಯುವ ಸ್ಪಂದನ ಅಂತ ಇನ್ನೊಂದಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಯುವಜನರಿಗಾಗಿ ನಡೆಸುವ ಕಾರ್ಯಕ್ರಮ ಅದು. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181.

ಇನ್ನು ನಿಮ್ಮ ತರಬೇತಿ. ಕೌನ್ಸೆಲಿಂಗ್ ಅಂದರೆ ನಮ್ಮ ಸರ್ಕಾರಿ ಟೀಚರ್‌ಗಳಿಗೆ ಮೊದಲು ನೆನಪಾಗುವುದು ವರ್ಗಾವಣೆಯ ಕೌನ್ಸೆಲಿಂಗ್, ಅಲ್ವಾ? ಈ ಮಾತು ಹೇಳಿದಾಗಲೆಲ್ಲ ತರಬೇತಿ ಹಾಲ್‌ನಲ್ಲಿ ನಗು ಬರುತ್ತೆ, ಆ ನಗುವಿನಲ್ಲಿ ಸ್ವಲ್ಪ ಸಂಕಟವೂ ಇರುತ್ತೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಇರಬೇಕು ಅಂತ ಹೇಳಿದೆ. 2019ರಲ್ಲಿ ಶುರುವಾದ ನಿಷ್ಠಾ ತರಬೇತಿಯಲ್ಲಿ ಮಕ್ಕಳ ಆರೋಗ್ಯ, ಮನಸ್ಸಿನ ಬಗ್ಗೆಯೂ ಪಾಠಗಳಿವೆ, ದೀಕ್ಷಾ ಆ್ಯಪ್‌ನಲ್ಲಿ ಮಾಡಿರುತ್ತೀರಿ. ಮಾಡಿದ್ದೀರಿ ಅನ್ನುವುದಕ್ಕಿಂತ "ನೆಕ್ಸ್ಟ್, ನೆಕ್ಸ್ಟ್" ಒತ್ತಿ ಸರ್ಟಿಫಿಕೇಟ್ ಇಳಿಸಿಕೊಂಡಿದ್ದೀರಿ. ಬೈಯುತ್ತಿಲ್ಲ. ಗಣತಿ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲ ಮುಗಿಸಿ ರಾತ್ರಿ ಹತ್ತಕ್ಕೆ ವಿಡಿಯೊ ನೋಡುವವರು ಇನ್ನೇನು ಮಾಡಿಯಾರು?

ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ. 2020ರಲ್ಲಿ ಬಂತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟೂ ಒಬ್ಬರು ಮೇಷ್ಟ್ರು ಒಬ್ಬರು ಮೇಡಂ, ಆರೋಗ್ಯ ರಾಯಭಾರಿಗಳಾಗಿ ತರಬೇತಿ ಪಡೆದು ವಾರಕ್ಕೊಂದು ಗಂಟೆ ಮಕ್ಕಳ ಜೊತೆ ಮಾತಾಡಬೇಕು. 11 ವಿಷಯಗಳಲ್ಲಿ ಭಾವನೆ ಮತ್ತು ಮಾನಸಿಕ ಆರೋಗ್ಯವೂ ಒಂದು. ನಿಮ್ಮ ಶಾಲೆಯ ಆ ಇಬ್ಬರು ಯಾರು ಅಂತ ಎಚ್‌ಎಂನ ಕೇಳಿ. ನಿಮ್ಮ ಹೆಸರೇ ಅಲ್ಲಿ ಇದ್ದರೂ ಆಶ್ಚರ್ಯ ಇಲ್ಲ!

ಇನ್ನೊಂದು ಹೊಸದು, ತುಂಬ ಟೀಚರ್‌ಗಳಿಗೆ ಗೊತ್ತಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ 15 ಸೂಚನೆ ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಿಕ್ಷಣ ಸಂಸ್ಥೆಯಲ್ಲಿ ಒಬ್ಬ ತರಬೇತಾದ ಕೌನ್ಸೆಲರ್ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಪಾಠ ಮಾಡುವವರಿಗೂ ಉಳಿದ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತಜ್ಞರಿಂದ ತರಬೇತಿ ಆಗಬೇಕು. ಅಪಾಯದ ಗುರುತು ಹಿಡಿಯೋದು, ಮೊದಲ ಆಸರೆ ಕೊಡೋದು, ಸರಿಯಾದ ಕಡೆ ಕಳಿಸೋದು, ನೀವು "ಯಾರೂ ತಯಾರು ಮಾಡಿಲ್ಲ" ಅಂದಿರಲ್ಲ, ಅದೇ ವಿಷಯಗಳು. ಹೇಳಿದ ತಕ್ಷಣ ಪ್ರತಿ ಸರ್ಕಾರಿ ಶಾಲೆಗೂ ಕೌನ್ಸೆಲರ್ ಬಂದುಬಿಡುವುದಿಲ್ಲ. ಆದರೆ ಶಾಲೆಯ ಮೇಲ್ವಿಚಾರಣಾ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿನಲ್ಲಿ ಕೇಳುವಾಗ ನಿಮ್ಮ ಕೈಯಲ್ಲಿ ಈಗ ಒಂದು ಕಾಗದ ಇದೆ.

ತರಬೇತಿ ಕೇಳುವಾಗ ಎಂಥದು ಬೇಕು ಅಂತಲೂ ಹೇಳಿ. ಪವರ್‌ಪಾಯಿಂಟ್‌ನಲ್ಲಿ ಖಿನ್ನತೆಯ ಹತ್ತು ಲಕ್ಷಣ ತೋರಿಸಿ ಊಟ ಹಾಕಿ ಕಳಿಸುವ ತರಬೇತಿಯಿಂದ ನಿಮಗೇನೂ ಆಗುವುದಿಲ್ಲ. ನಾನು ಮಾಡಿಸುವುದು ಇಷ್ಟೇ. ಇಬ್ಬರು ಟೀಚರ್‌ಗಳು ಎದುರುಬದುರು ಕೂರುತ್ತಾರೆ. ಒಬ್ಬರು ಹುಡುಗಿ. "ಬದುಕೋದು ಬೇಡ ಅನ್ಸುತ್ತೆ ಮಿಸ್" ಅನ್ನುತ್ತಾರೆ. ಇನ್ನೊಬ್ಬರು ಐದು ನಿಮಿಷ ಬುದ್ಧಿ ಹೇಳದೆ ಕೇಳಬೇಕು. ಎರಡನೇ ನಿಮಿಷಕ್ಕೆ "ನಿಮ್ಮಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಿದ್ದಾರೆ ಗೊತ್ತಾ" ಶುರುವಾಗುತ್ತೆ. ಮೂರನೇ ನಿಮಿಷಕ್ಕೆ ಧ್ಯಾನ, ಪ್ರಾಣಾಯಾಮ. ಇಪ್ಪತ್ತೈದು ವರ್ಷ ಅನುಭವ ಇರುವವರೂ ಸೋಲುತ್ತಾರೆ. ಆದರೆ ಮೂರನೇ ಸಲಕ್ಕೆ ಸುಧಾರಿಸುತ್ತಾರೆ. ನಿಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಎರಡು ಗಂಟೆ ಸಿಕ್ಕರೂ ಇದನ್ನು ಮಾಡಬಹುದು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಹೇಳಿ ನೋಡಿ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ಗೆ ಪತ್ರ ಬರೆದು ಆ ಗಂಟೆಗಳನ್ನು ತರಬೇತಿ ಲೆಕ್ಕಕ್ಕೆ ಸೇರಿಸಿ ಅಂತ ಕೇಳಿ.

ಟೀಚರ್‌ಗಳಿಂದ ಇದೆಲ್ಲ ಆಗುತ್ತಾ ಅಂತ ಕೇಳುವವರಿಗೆ ನಾನು ಬಳ್ಳಾರಿ ನೆನಪಿಸುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ, ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಚಿಕ್ಕ ತರಬೇತಿ ಕೊಟ್ಟರು. ಅವರೇ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆಗೆ ಸೇರಿಸಬಲ್ಲರು ಅಂತ ತೋರಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅವರನ್ನು ಯಾರೂ ಮನೋವೈದ್ಯರನ್ನಾಗಿ ಮಾಡಲಿಲ್ಲ. ನೋಡಿ, ಕೇಳಿ, ದಾಟಿಸಿ ಅಂದರು ಅಷ್ಟೇ. ನಿಮ್ಮಿಂದಲೂ ಕೇಳುತ್ತಿರುವುದು ಅಷ್ಟೇ. ಚಿಕಿತ್ಸೆ ನಿಮ್ಮ ಕೆಲಸವಲ್ಲ. ಅವಳು ಆಸ್ಪತ್ರೆಗೆ ಹೋಗಿ ಬಂದ ಮೇಲೂ "ಇವತ್ತು ಹೇಗಿದೀಯಾ?" ಅಂತ ವಾರಕ್ಕೆರಡು ಸಲ ಕೇಳುವವರು ಒಬ್ಬರು ಬೇಕು, ಅದು ನಿಮ್ಮ ಕೆಲಸ.

ಮತ್ತೆ, ಕೈಕಾಲು ಆಡಲಿಲ್ಲ ಅಂದಿರಿ. ಇಂಥ ಮಾತು ಕೇಳಿದ ರಾತ್ರಿ ಟೀಚರ್‌ಗೂ ನಿದ್ದೆ ಹೋಗುತ್ತೆ. 14416 ಬರೀ ಮಕ್ಕಳಿಗಲ್ಲ. "ನನ್ನ ವಿದ್ಯಾರ್ಥಿನಿ ಹೀಗಂದಳು, ನನಗೇನೂ ತೋಚುತ್ತಿಲ್ಲ" ಅಂತ ನೀವೇ ಇವತ್ತು ರಾತ್ರಿ ಫೋನ್ ಮಾಡಬಹುದು.

ಕೊನೆಯದಾಗಿ ಆ ಥ್ರೋಬಾಲ್. ಮುಂದಿನ ವರ್ಷ ಅವಳು ಎಸ್‌ಎಸ್‌ಎಲ್‌ಸಿ. ಜೂನ್ ಬರುತ್ತಿದ್ದಂತೆ ಪಿ.ಟಿ. ಪೀರಿಯಡ್ ಗಣಿತಕ್ಕೆ ಹೋಗುತ್ತೆ, ವಿಜ್ಞಾನಕ್ಕೆ ಹೋಗುತ್ತೆ, ಸ್ಪೆಷಲ್ ಕ್ಲಾಸ್ ಅಂತ ಶನಿವಾರವೂ ಹೋಗುತ್ತೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ, ಆದರೂ ಶಾಲೆಯ ಫಲಿತಾಂಶದ ಗಾಬರಿ ಕಡಿಮೆಯಾಗಿಲ್ಲ. ಈಗಲೇ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ. ಕಾರಣ ಹೇಳಬೇಕಿಲ್ಲ. ಆ ಹುಡುಗಿಯನ್ನು ಟೀಮಿನಲ್ಲಿ ಇಟ್ಟುಕೊಳ್ಳಿ ಸರ್ ಅನ್ನಿ. ಡಾಕ್ಟರ್ ಹತ್ತಿರ ಹೋಗುವ ದಿನವನ್ನೂ ಬುಧವಾರ, ಶನಿವಾರ ಬಿಟ್ಟು ನೋಡಿ.